ರೂಮು ಹುಡುಕುವಾಗ ದುಡ್ಡು ಕೊನೆಗೆ ಕೊಡಿ

ದೊಡ್ಡ ಊರಿನ ಕಾಲೇಜಿನಲ್ಲಿ ಸೀಟು ಸಿಕ್ಕ ಖುಷಿ ಒಂದೆರಡು ದಿನ ಇರುತ್ತದೆ. ಆಮೇಲೆ ‘ಇರೋದೆಲ್ಲಿ?’ ಎಂಬ ಚಿಂತೆ ಶುರುವಾಗುತ್ತದೆ. ತರಗತಿ ಶುರುವಾಗುವ ದಿನ ಹತ್ತಿರ ಬಂದಷ್ಟೂ ಗಾಬರಿ ಜಾಸ್ತಿ. ತಪ್ಪುಗಳಾಗುವುದು ಆ ಗಾಬರಿಯಲ್ಲೇ. ನೋಡದ ರೂಮಿಗೆ ಅಡ್ವಾನ್ಸ್ ಹೋಗುತ್ತದೆ, ಓದದ ಕರಾರಿಗೆ ಸಹಿ ಬೀಳುತ್ತದೆ. ಆದ್ದರಿಂದ ಒಂದು ಕ್ರಮ ಇಟ್ಟುಕೊಳ್ಳಿ: ಮೊದಲು ಲೆಕ್ಕ, ಆಮೇಲೆ ಹುಡುಕಾಟ, ಆಮೇಲೆ ಕಣ್ಣಾರೆ ನೋಡುವುದು, ಆಮೇಲೆ ಕಾಗದ. ದುಡ್ಡು ಎಲ್ಲಕ್ಕಿಂತ ಕೊನೆಗೆ.

1. ದುಡ್ಡಿನ ಲೆಕ್ಕ, ಹೊತ್ತಿನ ಲೆಕ್ಕ

ಒಂದು ಹಾಳೆಯಲ್ಲಿ ಎರಡು ಪಟ್ಟಿ ಮಾಡಿ. ಒಂದರಲ್ಲಿ ತಿಂಗಳು ತಿಂಗಳು ಬರುವ ಖರ್ಚು: ಬಾಡಿಗೆ, ಕರೆಂಟು, ನೀರು, ಇಂಟರ್ನೆಟ್, ಊಟ, ಓಡಾಟ. ಇನ್ನೊಂದರಲ್ಲಿ ಒಂದೇ ಸಲ ಕೊಡುವಂಥದ್ದು: ಅಡ್ವಾನ್ಸ್, ಬ್ರೋಕರ್ ಕಮಿಷನ್, ಹಾಸಿಗೆ, ಬಕೆಟ್ಟು. ಮೊದಲ ತಿಂಗಳು ಎರಡೂ ಒಟ್ಟಿಗೇ ಬಂದು ಕೂರುತ್ತವೆ. ಅದಕ್ಕೆ ಮನೆಯವರ ಜೊತೆ ಮೊದಲೇ ಕೂತು ಮಾತಾಡಿ.

ದೂರವನ್ನು ಕಿಲೋಮೀಟರಿನಲ್ಲಿ ಅಳೆಯಬೇಡಿ, ನಿಮಿಷದಲ್ಲಿ ಅಳೆಯಿರಿ. ಬಾಡಿಗೆ ಕಮ್ಮಿ ಎಂದು ದೂರದ ರೂಮು ಹಿಡಿದಿರಿ ಅನ್ನಿ. ಹೋಗಲು 45 ನಿಮಿಷ, ಬರಲು 45 ನಿಮಿಷ ಜಾಸ್ತಿ ಹಿಡಿಯಿತು. ತಿಂಗಳಿಗೆ 24 ದಿನ ತರಗತಿ ಇದ್ದರೆ 36 ಗಂಟೆ ದಾರಿಯಲ್ಲೇ ಹೋಯಿತು. ಅದು ನೀವು ಓದುವ, ನಿದ್ದೆ ಮಾಡುವ ಹೊತ್ತು. ಆದ್ದರಿಂದ ಮ್ಯಾಪ್ ನೋಡುವಾಗ ವಾರದ ದಿನದ ಬೆಳಗಿನ ಹೊತ್ತನ್ನೇ ಹಾಕಿ ನೋಡಿ. ರಾತ್ರಿ ಕೊನೆಯ ಬಸ್ಸು ಎಷ್ಟಕ್ಕೆ, ಇಳಿದ ಮೇಲೆ ನಡೆಯುವ ದಾರಿಯಲ್ಲಿ ದೀಪ ಇದೆಯಾ ಎಂದೂ ವಿಚಾರಿಸಿ.

2. ಎಲ್ಲಿ ಹುಡುಕುವುದು

ಕಾಲೇಜು ಹಾಸ್ಟೆಲ್‌ಗೆ ಮೊದಲು ಅರ್ಜಿ ಹಾಕಿ. ಕಾಯುವವರ ಪಟ್ಟಿಯಲ್ಲಿ ಹೆಸರು ಬಂದರೂ ಪರವಾಗಿಲ್ಲ, ನಡುವೆ ಬಿಟ್ಟು ಹೋಗುವವರು ಇದ್ದೇ ಇರುತ್ತಾರೆ. ಆಮೇಲೆ ಸೀನಿಯರ್‌ಗಳನ್ನು ಕೇಳಿ. ಓದು ಮುಗಿಸಿ ಹೊರಡುವವರ ರೂಮುಗಳು ಜಾಹೀರಾತಿಗೆ ಬರುವ ಮೊದಲೇ ಕೈ ಬದಲಾಗುತ್ತವೆ. ಸಾಧ್ಯವಿದ್ದರೆ ಮೊದಲ ಒಂದೆರಡು ವಾರ ತಾತ್ಕಾಲಿಕವಾಗಿ ಎಲ್ಲಾದರೂ ಉಳಿದು, ಊರಿನಲ್ಲಿದ್ದುಕೊಂಡೇ ಹುಡುಕಿ. ಆ ಖರ್ಚು ವ್ಯರ್ಥವಲ್ಲ.

ಆನ್‌ಲೈನ್ ಜಾಹೀರಾತಿನಲ್ಲಿ ಸುತ್ತಲಿನ ರೂಮುಗಳಿಗಿಂತ ತೀರಾ ಕಮ್ಮಿ ಬಾಡಿಗೆ ಕಂಡರೆ ಅನುಮಾನಪಡಿ. ‘ನಾನು ಬೇರೆ ದೇಶದಲ್ಲಿದ್ದೇನೆ, ದುಡ್ಡು ಹಾಕಿ, ಕೀ ಕೊರಿಯರ್ ಮಾಡುತ್ತೇನೆ’ ಎಂದರೆ ಅಲ್ಲಿಗೇ ಮಾತು ನಿಲ್ಲಿಸಿ. ಫೋಟೋವನ್ನು ಇಮೇಜ್ ಸರ್ಚ್‌ನಲ್ಲಿ ಹಾಕಿ ನೋಡಿ, ಅದೇ ಚಿತ್ರ ಬೇರೆ ಊರಿನ ಮನೆಯದೆಂದು ಸಿಗಬಹುದು. ಹೋಗಿ ನೋಡಲು ಆಗದಿದ್ದರೆ ಲೈವ್ ವಿಡಿಯೋ ಕಾಲ್ ಕೇಳಿ. ಬೀದಿಯಿಂದ ಶುರುಮಾಡಿ ರೂಮಿನ ಒಳಗಿನವರೆಗೆ ಬಿಡದೆ ತೋರಿಸಲಿ. ಗುರುತಿನ ಚೀಟಿಯ ನಕಲು ಕೊಡಲೇಬೇಕಾದರೆ, ಯಾವ ಕೆಲಸಕ್ಕೆ ಕೊಟ್ಟಿದ್ದು ಎಂದು ತಾರೀಖಿನ ಸಮೇತ ಅದರ ಮೇಲೇ ಬರೆದು ಕೊಡಿ.

3. ಎರಡು ಸಲ ನೋಡಿ

ನಾನು ಓದುವಾಗ ಒಂದು ರೂಮನ್ನು ಭಾನುವಾರ ಮಧ್ಯಾಹ್ನ ನೋಡಿ ಒಪ್ಪಿಕೊಂಡೆ. ಎಷ್ಟು ಶಾಂತವಾಗಿತ್ತು! ಸೋಮವಾರ ಬೆಳಿಗ್ಗೆ ಏಳಕ್ಕೆ ಹಿಂದಿನ ಗೋಡೆಯಾಚೆ ಕಬ್ಬಿಣ ಕತ್ತರಿಸುವ ಯಂತ್ರ ಶುರುವಾಯಿತು. ಪರೀಕ್ಷೆ ಮುಗಿಯುವವರೆಗೂ ಅದರ ಜೊತೆಯಲ್ಲೇ ಓದಿದೆ. ಅದಕ್ಕೇ ಹೇಳುವುದು, ರಜೆಯಿಲ್ಲದ ಒಂದು ದಿನ ಹಗಲು, ಇನ್ನೊಂದು ಸಲ ರಾತ್ರಿ ನೋಡಿ.

ನಲ್ಲಿಯನ್ನೂ ಶವರನ್ನೂ ಒಟ್ಟಿಗೆ ಬಿಟ್ಟು ನೀರಿನ ರಭಸ ನೋಡಿ. ಬಾಗಿಲು ಹಾಕಿಕೊಂಡು ಒಳಗಿನಿಂದ ಒಂದು ಫೋನ್ ಮಾಡಿ. ಕಿಟಕಿ ತೆರೆದು ಮುಚ್ಚಿ. ಗೋಡೆಯ ಕೆಳಭಾಗಕ್ಕೆ ಮಾತ್ರ ಹೊಸ ಬಣ್ಣ ಹೊಡೆದಿದ್ದರೆ ಒಳಗೆ ತೇವ ಇರಬಹುದು. ಮೂಸಿ ನೋಡಲು ನಾಚಿಕೆ ಬೇಡ. ಬೆಂಕಿ ಬಿದ್ದರೆ ಹೊರಗೆ ಓಡಲು ದಾರಿ ಯಾವುದು ಎಂದು ನೀವೇ ನಡೆದು ನೋಡಿ.

ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ. ಗಾಳಿಯಾಡದ ಬಚ್ಚಲಿನೊಳಗೆ ಗ್ಯಾಸ್ ಗೀಸರ್ ಇದ್ದರೆ ಆ ರೂಮು ಬೇಡವೇ ಬೇಡ. ಗ್ಯಾಸ್ ಸರಿಯಾಗಿ ಉರಿಯದಿದ್ದಾಗ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರು ಎಚ್ಚರ ತಪ್ಪುತ್ತಾರೆ, ಜೀವವೂ ಹೋಗುತ್ತದೆ.

ಓನರ್ ಪಕ್ಕದಲ್ಲಿಲ್ಲದಾಗ ಅಲ್ಲಿರುವವರನ್ನು ಮಾತಾಡಿಸಿ. ‘ಬಿಟ್ಟು ಹೋದವರಿಗೆ ಅಡ್ವಾನ್ಸ್ ಪೂರ್ತಿ ವಾಪಸ್ ಬಂತಾ?’ ಎಂದು ಕೇಳಿ. ಈ ಒಂದು ಪ್ರಶ್ನೆಗೆ ಸಿಗುವ ಉತ್ತರದಲ್ಲಿ ಓನರ್ ಎಂಥವರೆಂದು ಗೊತ್ತಾಗುತ್ತದೆ.

4. ಜೊತೆಗಿರುವವರು

ಒಳ್ಳೆಯ ಗೆಳೆಯರೆಲ್ಲ ಒಳ್ಳೆಯ ರೂಮ್‌ಮೇಟ್ ಆಗುವುದಿಲ್ಲ. ಮಲಗುವ ಹೊತ್ತು, ಬರುವ ನೆಂಟರು, ಗುಡಿಸುವ ಸರದಿ, ಬಿಲ್ ಹಂಚುವ ರೀತಿ, ಇಷ್ಟನ್ನು ಮೊದಲೇ ಮಾತಾಡಿಕೊಳ್ಳಿ. ಎಲ್ಲರೂ ಸೇರಿ ಒಂದೇ ಕರಾರಿಗೆ ಸಹಿ ಹಾಕಿದ್ದರೆ, ಒಬ್ಬರು ನಡುವೆ ಹೋದಾಗ ಅವರ ಪಾಲು ಉಳಿದವರ ಮೇಲೆ ಬೀಳಬಹುದು.

5. ಕರಾರು, ಆಮೇಲೆ ದುಡ್ಡು

ಕರಾರನ್ನು ಮನೆಗೆ ತಂದು ಓದಿ. ಎಷ್ಟು ದಿನ ಮೊದಲು ಹೇಳಿ ಬಿಡಬೇಕು? ಅವಧಿಗೆ ಮೊದಲೇ ಬಿಟ್ಟರೆ ಎಷ್ಟು ಕಳೆಯುತ್ತಾರೆ? ರಜೆಯ ತಿಂಗಳುಗಳಿಗೂ ಬಾಡಿಗೆ ಇದೆಯಾ? ರಿಪೇರಿ ಯಾರದ್ದು? ಬಾಯಲ್ಲಿ ಹೇಳಿದ್ದು ಕಾಗದದಲ್ಲಿ ಇಲ್ಲದಿದ್ದರೆ ಬರೆಸಿ. ಕರಾರು ಮಾಡುತ್ತಿರುವವರು ತಾವೇ ಬಾಡಿಗೆಗೆ ಇರುವವರಾದರೆ, ಓನರ್ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಕೇಳಿ. ‘ಇನ್ನೂ ನಾಲ್ಕು ಜನ ಕಾಯ್ತಿದ್ದಾರೆ’ ಎಂದು ಅವಸರ ಮಾಡಿದರೂ ಒಂದು ರಾತ್ರಿ ಟೈಮ್ ತಗೊಳ್ಳಿ.

ಎರಡೂ ಕಡೆಯವರು ಸಹಿ ಹಾಕಿದ ಮೇಲೆ ಬ್ಯಾಂಕ್ ಮೂಲಕವೇ ದುಡ್ಡು ಕೊಟ್ಟು ರಸೀದಿ ಪಡೆಯಿರಿ. ಕೀ ಕೈಗೆ ಬಂದ ದಿನ, ಸಾಮಾನು ಇಳಿಸುವ ಮೊದಲು, ಖಾಲಿ ರೂಮಿನ ವಿಡಿಯೋ ಮಾಡಿ. ಬಿರುಕು, ಕಲೆ, ಮುರಿದ ಚಿಲಕ, ಮೀಟರಿನ ಅಂಕಿ ಎಲ್ಲವೂ ಕಾಣಬೇಕು. ಅದನ್ನು ಅವತ್ತೇ ಓನರ್‌ಗೆ ಮೆಸೇಜ್ ಮಾಡಿ. ಕರಾರಿನ ಒಂದು ಪ್ರತಿಯನ್ನು ಅಪ್ಪ ಅಮ್ಮನಿಗೂ ಕಳಿಸಿ.