ಪ್ಲೈವುಡ್ ಅಂಚಿಗೆ ನುಣುಪು ಬಣ್ಣ: ನನ್ನ ಅನುಭವ

ಪ್ಲೈವುಡ್‌ಗೆ ಬಣ್ಣ ಹೊಡೆದರೆ ಮೇಲ್ಮೈ ಹೇಗೋ ಚೆನ್ನಾಗಿ ಬರುತ್ತದೆ. ಕೆಲಸದ ಮಟ್ಟ ಗೊತ್ತಾಗುವುದು ಅಂಚಿನಲ್ಲಿ. ಬಾಗಿಲಿಲ್ಲದ ಪುಸ್ತಕದ ಕಪಾಟಿನಲ್ಲಂತೂ ಎದುರಿಗೆ ಕಾಣುವುದೇ ಅಂಚು, ಅಲ್ವಾ? ಶಿವಮೊಗ್ಗದ ನಮ್ಮ ಮನೆಗೆ 18 ಎಂ.ಎಂ. ಪ್ಲೈನಲ್ಲಿ ಅಂಥದ್ದೊಂದು ಕಪಾಟು ಮಾಡಿ ಬಿಳಿ ಎನಾಮಲ್ ಹೊಡೆದೆ. ಲ್ಯಾಮಿನೇಟ್ ಇಲ್ಲ, ಅಂಚಿಗೆ ಅಂಟಿಸುವ ಪಟ್ಟಿ (ಎಡ್ಜ್ ಬ್ಯಾಂಡ್) ಇಲ್ಲ. ಆದರೂ ಪದರಗಳ ಗೆರೆ ಎಲ್ಲೂ ಕಾಣುವುದಿಲ್ಲ.

ಮೊದಲು ಗೆರೆ ಯಾಕೆ ಕಾಣುತ್ತದೆ ಅಂತ ನೋಡೋಣ. ಪ್ಲೈ ಅಂದರೆ ತೆಳು ಮರದ ಹಾಳೆಗಳನ್ನು ಒಂದು ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ ಇಟ್ಟು ಅಂಟಿಸಿದ್ದು. ಅಂಚಿನಲ್ಲಿ ಒಂದು ಪದರದ ನಾರು ಉದ್ದಕ್ಕೆ ಮಲಗಿರುತ್ತದೆ. ಪಕ್ಕದ ಪದರದ ನಾರಿನ ತುದಿ ನಮ್ಮ ಕಡೆ ಬಾಯಿ ತೆರೆದಿರುತ್ತದೆ. ಮರ ನೀರು ಸಾಗಿಸುತ್ತಿದ್ದ ಸಣ್ಣ ಕೊಳವೆಗಳ ಬಾಯಿ ಅದು. ಅಲ್ಲಿ ಬಣ್ಣ ಒಳಗಿಳಿಯುತ್ತದೆ, ಪಕ್ಕದ ಪದರದಲ್ಲಿ ಮೇಲೇ ನಿಲ್ಲುತ್ತದೆ. ಹೀಗಾಗಿ ಪಟ್ಟೆ ಪಟ್ಟೆ. ಇನ್ನೆರಡು ಕೈ ಬಣ್ಣ ಹೊಡೆದರೂ ಇದು ಹೋಗುವುದಿಲ್ಲ. ಕುಳಿ ತುಂಬುವುದು ಪುಟ್ಟಿಯ ಕೆಲಸ, ಹೀರುವುದನ್ನು ನಿಲ್ಲಿಸುವುದು ಪ್ರೈಮರ್ ಕೆಲಸ. ಎನಾಮಲ್ ಇವೆರಡನ್ನೂ ಮಾಡುವುದಿಲ್ಲ.

ಪ್ಲೈ ತರುವಾಗಲೇ ಅಂಗಡಿಯಲ್ಲಿ ನಾಲ್ಕೂ ಅಂಚು ನೋಡಿ. ಒಳ ಪದರಗಳ ನಡುವೆ ಕಪ್ಪು ಸಂದು ಜಾಸ್ತಿ ಇದ್ದರೆ ಆ ಶೀಟ್ ಬೇಡ. ಕೊಯ್ಯುವಾಗ ಸಣ್ಣ ಹಲ್ಲಿನ, ಹರಿತವಾದ ಬ್ಲೇಡ್ ಇರಲಿ. ಕೊಯ್ಯುವ ಗೆರೆಯ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿದರೆ ಮೇಲಿನ ಪದರ ಸಿಬಿರೇಳುವುದು ಕಡಿಮೆಯಾಗುತ್ತದೆ.

ಉಜ್ಜುವುದಕ್ಕೆ ಸ್ಯಾಂಡ್ ಪೇಪರನ್ನು ಚಪ್ಪಟೆ ಮರದ ತುಂಡಿಗೆ ಸುತ್ತಿಕೊಂಡೆ. ಬರೀ ಬೆರಳಲ್ಲಿ ಉಜ್ಜಿದರೆ ಮೆತ್ತನೆಯ ಪದರ ಬೇಗ ಸವೆದು ಅಂಚು ಏರುತಗ್ಗಾಗುತ್ತದೆ. ಗರಗಸದ ಗುರುತಿದ್ದ ಕಡೆ 80 ನಂಬರ್, ಆಮೇಲೆ 120, ಆಮೇಲೆ 180 (ನಂಬರ್ ಹೆಚ್ಚಿದಷ್ಟೂ ಪೇಪರ್ ನುಣುಪು). ಚೂಪು ಮೂಲೆಯನ್ನು ಎರಡೇ ಎರಡು ಎಳೆತದಲ್ಲಿ ಉಜ್ಜಿ ಸ್ವಲ್ಪ ಗುಂಡಾಗಿಸಬೇಕು. ಚೂಪಾದ ಮೂಲೆಯಲ್ಲಿ ಬಣ್ಣ ನಿಲ್ಲುವುದಿಲ್ಲ, ಒಣಗುವಾಗ ಎರಡೂ ಕಡೆಗೆ ಸರಿದು ಅಲ್ಲಿ ತೆಳುವಾಗುತ್ತದೆ. ಮುಂದೆ ಬಣ್ಣ ಕಿತ್ತು ಬರುವುದೂ ಅಲ್ಲಿಂದಲೇ.

ಪುಟ್ಟಿ ವಿಷಯಕ್ಕೆ ಬರೋಣ. ನೀರಲ್ಲಿ ಕಲಸಿದ ಫೆವಿಕಾಲ್ ಬಳಿದರೆ ಸಾಕು ಅನ್ನುವವರಿದ್ದಾರೆ. ನನಗದು ಹಿಡಿಸುವುದಿಲ್ಲ. ಉಜ್ಜುವಾಗ ಬಿಸಿಗೆ ಮೆತ್ತಗಾಗಿ ಸ್ಯಾಂಡ್ ಪೇಪರಿಗೇ ಮೆತ್ತಿಕೊಳ್ಳುತ್ತದೆ. ಗೋಡೆಗೆ ಹಚ್ಚುವ ಪುಟ್ಟಿಯೂ ಬೇಡ, ಅಂಚಿಗೆ ಏಟು ಬಿದ್ದರೆ ಉದುರುತ್ತದೆ. ನಾನು ಹಚ್ಚಿದ್ದು ಕಾರಿನ ಡೆಂಟ್ ತುಂಬುವ ಪಾಲಿಯೆಸ್ಟರ್ ಪುಟ್ಟಿ. ಅದರ ಜೊತೆ ಬರುವ ಹಾರ್ಡನರ್ ಕಲಸಿದ ಹತ್ತು ನಿಮಿಷದಲ್ಲೇ ಬಿಗಿಯತೊಡಗುತ್ತದೆ. ಅದಕ್ಕೇ ಒಂದು ಅಂಚಿಗೆ ಬೇಕಾದಷ್ಟೇ ಕಲಸಬೇಕು. ಹಾರ್ಡನರ್ ಪ್ರಮಾಣ ಡಬ್ಬಿಯ ಮೇಲೆ ಬರೆದಿರುವಷ್ಟೇ ಇರಲಿ. ಪುಟ್ಟಿ ಬ್ಲೇಡ್‌ನಲ್ಲಿ ಮೊದಲು ಅಂಚಿಗೆ ಅಡ್ಡವಾಗಿ ಒತ್ತಿ ಸಂದಿನೊಳಗೆ ತುಂಬಿಸಿ, ಆಮೇಲೆ ಉದ್ದಕ್ಕೆ ಒಂದೇ ಎಳೆತ ಎಳೆಯುತ್ತೇನೆ. ಕಡ್ಡಿ ಹೋಗುವಷ್ಟು ದೊಡ್ಡ ಸಂದಿದ್ದರೆ ಮೊದಲೇ ಮರದ ಸೀಳು ಅಂಟಿಸಿ ಮುಚ್ಚುವುದು ಒಳ್ಳೆಯದು. ಈ ಪುಟ್ಟಿಯ ವಾಸನೆ ಜೋರು. ಕಿಟಕಿ ತೆಗೆದಿಡಿ, ಉಜ್ಜುವಾಗ ಮಾಸ್ಕ್ ಹಾಕಿಕೊಳ್ಳಿ.

ಪುಟ್ಟಿ ಗಟ್ಟಿಯಾದ ಮೇಲೆ 120, 180ರಲ್ಲಿ ಉಜ್ಜಿ, ಧೂಳು ಒರೆಸಿ, ವುಡ್ ಪ್ರೈಮರಿಗೆ ಸ್ವಲ್ಪ ಟರ್ಪೆಂಟೈನ್ ಬೆರೆಸಿ ಮೊದಲ ಕೈ ಹೊಡೆದೆ. ತೆಳುವಾಗಿದ್ದರೆ ನಾರಿನ ಬಾಯಿಯೊಳಗೆ ಇಳಿದು ಅಲ್ಲೇ ಕೂರುತ್ತದೆ. ಒಂದು ರಾತ್ರಿ ಬಿಟ್ಟು, ಮಾಮೂಲಿ ದಪ್ಪದ ಪ್ರೈಮರ್ ಇನ್ನೊಂದು ಕೈ. ಅದೂ ಒಣಗಿದ ಮೇಲೆ ಅಂಚಿನುದ್ದಕ್ಕೂ ಪೆನ್ಸಿಲ್‌ನಲ್ಲಿ ಸುಮ್ನೆ ಗೀಚಿ, 220ರಲ್ಲಿ ಮೆಲ್ಲಗೆ ಉಜ್ಜಿದೆ. ಉಬ್ಬಿನ ಮೇಲಿನ ಗೀಚು ತಕ್ಷಣ ಮಾಯವಾಗುತ್ತದೆ. ತಗ್ಗಿನಲ್ಲಿ ಮಾತ್ರ ಕೂದಲೆಳೆಯಂಥ ಕಪ್ಪು ಗೆರೆ ಉಳಿಯುತ್ತದೆ. ಪದರದ ಗೆರೆ ಕೈಗೆ ಸಿಗದಿದ್ದರೂ ಅಲ್ಲಿ ಕಣ್ಣಿಗೆ ಬೀಳುತ್ತದೆ. ಆ ಜಾಗಕ್ಕಷ್ಟೇ ಮತ್ತೆ ತೆಳುವಾಗಿ ಪುಟ್ಟಿ ಎಳೆದು, ಉಜ್ಜಿ, ಪ್ರೈಮರ್ ಮುಟ್ಟಿಸಬೇಕು. ಕತ್ತಲಲ್ಲಿ ಮೊಬೈಲ್ ಟಾರ್ಚನ್ನು ಅಂಚಿಗೆ ಒರಗಿಸಿ ಹಿಡಿದರೆ ಉಳಿದದ್ದೂ ಕಾಣುತ್ತದೆ. ಇಡೀ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾದ ಹಂತ ಇದೇ. ಇಲ್ಲಿ ತೃಪ್ತಿಯಾಗುವವರೆಗೆ ಎನಾಮಲ್ ಡಬ್ಬಿ ತೆಗೆಯಲಿಲ್ಲ.

ಬಣ್ಣ ಹೊಡೆಯುವಾಗ ಅಂಚು ಮೊದಲು, ಮೇಲ್ಮೈ ಆಮೇಲೆ. ಸಣ್ಣ ಫೋಮ್ ರೋಲರ್ ಇದಕ್ಕೆ ಹೇಳಿ ಮಾಡಿಸಿದ್ದು, ಬ್ರಷ್‌ನ ಗೆರೆ ಬೀಳುವುದಿಲ್ಲ. ಮೂಲೆಯಲ್ಲಿ ಬಣ್ಣ ಗಂಟು ಕಟ್ಟಿದ್ದರೆ ಒಣಗುವ ಮೊದಲೇ ಒಣ ಬ್ರಷ್‌ನಲ್ಲಿ ಎಳೆದುಬಿಡಿ. ತೆಳುವಾಗಿ ಎರಡು ಕೈ ಸಾಕು, ನಡುವೆ ಒಮ್ಮೆ 400 ನಂಬರ್ ಪೇಪರನ್ನು ನೀರಲ್ಲಿ ಅದ್ದಿ ಹಗುರವಾಗಿ ಉಜ್ಜಿ. ಮಲೆನಾಡಿನ ಮಳೆಗಾಲದಲ್ಲಿ ಎನಾಮಲ್ ಒಣಗಲು ಸತಾಯಿಸುತ್ತದೆ. ಮಳೆಗಾಲಕ್ಕೆ ಮೊದಲೇ ಈ ಕೆಲಸ ಇಟ್ಟುಕೊಂಡರೆ ಅನುಕೂಲ.

ಊಟದ ಮೇಜಿನಂಥದ್ದಕ್ಕೆ ಮಾತ್ರ ನಾನು ಪುಟ್ಟಿ ನಂಬುವುದಿಲ್ಲ. ಕುರ್ಚಿ, ಪಾತ್ರೆ ತಾಗಿ ಏಟು ಬೀಳುತ್ತಲೇ ಇರುತ್ತದೆ. ಅಲ್ಲಿ ಗಟ್ಟಿ ಮರದ ಪಟ್ಟಿ ಅಂಟಿಸಿ ಬಣ್ಣ ಹೊಡೆಯುವುದೇ ಸರಿ. ಪಟ್ಟಿ ಮತ್ತು ಪ್ಲೈ ಸೇರುವಲ್ಲಿ ಮುಂದೆ ಸಣ್ಣ ಗೆರೆ ಕಾಣಬಹುದು, ಆದರೆ ಅಂಚು ಮುರಿಯುವುದಿಲ್ಲ.

ಕಪಾಟು ಮುಟ್ಟಿದರೆ ಒಣಗಿದೆ ಅನ್ನಿಸಿದ ತಕ್ಷಣ ಪುಸ್ತಕ ಜೋಡಿಸಬೇಡಿ. ಎನಾಮಲ್ ಒಳಗೆ ಇನ್ನೂ ಹಸಿ ಇರುತ್ತದೆ, ಭಾರ ಬಿದ್ದರೆ ರಟ್ಟು ಅಂಟಿಕೊಳ್ಳುತ್ತದೆ. ವಾರ ಬಿಟ್ಟು, ಹಿಂಭಾಗದಲ್ಲಿ ಕಾಣದ ಕಡೆ ಉಗುರಿನಿಂದ ಒತ್ತಿ ನೋಡಿ. ಗುರುತು ಬೀಳದಿದ್ದರೆ ಜೋಡಿಸಬಹುದು.