ಆರು ಕ್ವಿಂಟಾಲ್ ಎಲ್ಲಿ ಹೋಯಿತು: ಲಾಗ್ ಸೋಸುವ ಬಗೆ

ಕಳೆದ ಸುಗ್ಗಿಯಲ್ಲಿ ಕಾರಟಗಿಯ ಒಂದು ಅಕ್ಕಿ ಗಿರಣಿಯಿಂದ ರಾತ್ರಿ ಎಂಟಕ್ಕೆ ಫೋನ್ ಬಂತು. ಅಲ್ಲಿನ ವೇಬ್ರಿಡ್ಜ್‌ನ, ಅಂದರೆ ಲಾರಿ ತೂಗುವ ಕಾಟಾದ, ತಂತ್ರಾಂಶ ನಾನು ಬರೆದದ್ದು. ಗುಮಾಸ್ತರು ಫೋನನ್ನು ಪಕ್ಕದಲ್ಲಿದ್ದ ರೈತರ ಕೈಗೆ ಕೊಟ್ಟರು. “ಮೇಡಂ, ಬರುವ ದಾರಿಯಲ್ಲಿ ಬೇರೆ ಕಾಟಾದಲ್ಲಿ ತೂಗಿಸಿಯೇ ಬಂದಿದ್ದೇನೆ. ಇಲ್ಲಿ ಆರು ಕ್ವಿಂಟಾಲ್ ಕಡಿಮೆ ತೋರಿಸುತ್ತಿದೆ. ಇದು ಇತ್ಯರ್ಥವಾಗುವವರೆಗೆ ಭತ್ತ ಇಳಿಸುವುದಿಲ್ಲ” ಎಂದರು. ಆರು ಕ್ವಿಂಟಾಲ್ ಎಂದರೆ 75 ಕಿಲೋದ ಎಂಟು ಚೀಲ. ಒಬ್ಬ ರೈತನಿಗೆ ಅದು ಸಣ್ಣ ಮಾತಲ್ಲ.

ಉತ್ತರ ಆ ದಿನದ ಲಾಗ್ ಕಡತದಲ್ಲೇ, ಅಂದರೆ ತಂತ್ರಾಂಶ ನಡೆದದ್ದನ್ನೆಲ್ಲ ಸಾಲು ಸಾಲಾಗಿ ಬರೆದಿಡುವ ಕಡತದಲ್ಲೇ ಇತ್ತು. ಅದನ್ನು ಹುಡುಕಲು ನನಗೆ ಎರಡು ಗಂಟೆ ಹಿಡಿಯಿತು. ಯಾವ ಸಾಲು ಬೇಕೆಂಬ ಷರತ್ತನ್ನು ಮೊದಲೇ ಸರಿಯಾಗಿ ಬರೆದಿದ್ದರೆ ಎರಡು ನಿಮಿಷ ಸಾಕಿತ್ತು. ಗಂಗಾವತಿ, ಸಿಂಧನೂರು ಕಡೆ ಇಂತಹ ತಂತ್ರಾಂಶ ನೋಡಿಕೊಳ್ಳುವವರು ಆ ಎರಡು ಗಂಟೆ ಕಳೆಯಬಾರದು ಎಂಬುದು ನನ್ನ ಆಸೆ.

ಗುಮಾಸ್ತರೂ ಓದಬೇಕೆಂದು ನಮ್ಮ ಲಾಗ್ ಅನ್ನು ಕನ್ನಡದಲ್ಲೇ ಬರೆಸಿದ್ದೇನೆ. ಸಮಯ, ಮಟ್ಟ, ವಿಭಾಗ, ಚೀಟಿ ಸಂಖ್ಯೆ, ಸಂದೇಶ ಎಂದು ಐದು ಅಂಕಣಗಳು:

19:09:31 | 4 | ತೂಕ | 2116 | ತೂಕ ಸ್ಥಿರವಾಗಿಲ್ಲ

ಇದನ್ನು ಸೋಸಲು ಬೇಕಾದದ್ದು ಮೂರೇ ಪದ: ಮತ್ತು, ಅಥವಾ, ಅಲ್ಲ. ಕೊಟ್ಟ ಪದವಿರುವ ಸಾಲುಗಳನ್ನು ಆರಿಸಿಕೊಡುವ ಗ್ರೆಪ್ ಆಜ್ಞೆಯ ಫಲಿತಾಂಶವನ್ನು ಇನ್ನೊಂದು ಗ್ರೆಪ್‌ಗೆ ಹರಿಸಿದರೆ ಅದು ‘ಮತ್ತು’. ಜರಡಿಯ ಕೆಳಗೆ ಜರಡಿ ಇಟ್ಟಂತೆ. ಮೈನಸ್ ಇ (-e) ಜೊತೆ ಹಲವು ಪದ ಕೊಟ್ಟರೆ ‘ಅಥವಾ’. ಮೈನಸ್ ವಿ (-v) ಎಂದರೆ ‘ಅಲ್ಲ’. ಅಂಕಣಗಳಿರುವ ಲಾಗ್‌ಗೆ ನಾನು ಆಕ್ ಎಂಬ ಆಜ್ಞೆ ಬಳಸುತ್ತೇನೆ, ಅದು ಅಂಕಣಗಳನ್ನು ಬಿಡಿಸಿ ನೋಡುತ್ತದೆ; ಅಲ್ಲಿ ಇವೇ ಮೂರು &&, ||, ! ಆಗುತ್ತವೆ.

ಮೊದಲ ಎಡವು ನಮ್ಮ ಭಾಷೆಯಲ್ಲೇ ಇದೆ. “ತೂಕದ ಸಾಲುಗಳನ್ನೂ ಪೋರ್ಟ್ ಸಾಲುಗಳನ್ನೂ ತೋರಿಸು” ಎನ್ನುತ್ತೇವೆ. (ಪೋರ್ಟ್ ಎಂದರೆ ಕಾಟಾದ ಕೇಬಲ್ ಕಂಪ್ಯೂಟರಿಗೆ ಸೇರುವ ಜಾಗ.) ಆ ‘ಊ’ಕಾರ ಕಿವಿಗೆ ‘ಮತ್ತು’ ಎಂದೇ ಕೇಳುತ್ತದೆ. ಹಾಗೆ ಬರೆದರೆ ಒಂದು ಸಾಲೂ ಬರುವುದಿಲ್ಲ, ಏಕೆಂದರೆ ಒಂದು ಸಾಲಿಗೆ ಒಂದೇ ವಿಭಾಗ. ಯಂತ್ರ ಇಡೀ ಕಡತವನ್ನು ಒಟ್ಟಿಗೆ ನೋಡುವುದಿಲ್ಲ, ಒಂದೊಂದೇ ಸಾಲನ್ನು ಕೈಗೆತ್ತಿಕೊಳ್ಳುತ್ತದೆ. ಆದ್ದರಿಂದ ಷರತ್ತು ಬರೆಯುವ ಮೊದಲು ಹೀಗೆ ಕೇಳಿಕೊಳ್ಳಿ: ಈ ಒಂದು ಸಾಲು ಒಳಗೆ ಬರಬೇಕಾದರೆ ಅದು ಏನಾಗಿರಬೇಕು? ತೂಕದ್ದಾಗಿರಬೇಕು, ಇಲ್ಲವೇ ಪೋರ್ಟಿನದ್ದಾಗಿರಬೇಕು. ಹಾಗಾದರೆ ಬೇಕಾದದ್ದು ‘ಅಥವಾ’.

ಬೇಡವೆನ್ನುವಾಗ ಇದು ತಿರುಗುತ್ತದೆ. ಪ್ರಿಂಟರ್ ಸಾಲೂ ಬೇಡ, ತಪಾಸಣೆಯ ಸಾಲೂ ಬೇಡ ಎಂದುಕೊಂಡು ನಾನು ಅಂದು ಬರೆದದ್ದು ಇದು (== ಎಂದರೆ ‘ಸಮ’, != ಎಂದರೆ ‘ಸಮವಲ್ಲ’):

ವಿಭಾಗ != ಪ್ರಿಂಟರ್ || ವಿಭಾಗ != ತಪಾಸಣೆ

ಒಂದು ಸಾಲೂ ಕಡಿಮೆಯಾಗಲಿಲ್ಲ. ಪ್ರಿಂಟರ್ ಸಾಲು ತಪಾಸಣೆಯದ್ದಲ್ಲವಲ್ಲ, ಹಾಗಾಗಿ ಎರಡನೆಯ ಭಾಗ ನಿಜವಾಗಿ ಒಳಗೆ ನುಗ್ಗುತ್ತದೆ. ತಪಾಸಣೆಯ ಸಾಲು ಮೊದಲನೆಯ ಭಾಗದಿಂದ ನುಗ್ಗುತ್ತದೆ. ‘ಅದೂ ಅಲ್ಲ, ಇದೂ ಅಲ್ಲ’ ಎನ್ನಲು ನಡುವೆ && ಬೇಕು, ಅಥವಾ ಎರಡನ್ನೂ == ಎಂದು ಬರೆದು, ನಡುವೆ || ಹಾಕಿ ಆವರಣದಲ್ಲಿಟ್ಟು ಹೊರಗೆ ! ಹಾಕಬೇಕು. ಈ ನಿಯಮಕ್ಕೆ ಗಣಿತಜ್ಞ ಡಿ ಮಾರ್ಗನ್ ಅವರ ಹೆಸರಿದೆ. ಅವರು ಹುಟ್ಟಿದ್ದು 1806ರಲ್ಲಿ, ನಮ್ಮ ಪಕ್ಕದ ಮದುರೈಯಲ್ಲಿ. ಜಾರ್ಜ್ ಬೂಲ್ ತರ್ಕವನ್ನು ಬೀಜಗಣಿತದಂತೆ ಬರೆದು ತೋರಿಸಿದ್ದೂ ಡಿ ಮಾರ್ಗನ್ ತಮ್ಮ ತರ್ಕಶಾಸ್ತ್ರದ ಗ್ರಂಥವನ್ನು ಹೊರತಂದದ್ದೂ ಒಂದೇ ವರ್ಷ, 1847.

ಕನ್ನಡದ ಲಾಗ್‌ನಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ನಮ್ಮಲ್ಲಿ ‘ಇಲ್ಲ’ ಎಂಬುದು ಪದದ ಬಾಲದಲ್ಲಿ ಕೂರುತ್ತದೆ. ಮಾಮೂಲಿ ಸಂದೇಶಗಳನ್ನು ತೆಗೆಯೋಣವೆಂದು ‘ಸ್ಥಿರವಾಗಿ’ ಎಂಬಷ್ಟನ್ನೇ ಮೈನಸ್ ವಿಗೆ ಕೊಟ್ಟರೆ ‘ಸ್ಥಿರವಾಗಿದೆ’ ಜೊತೆಗೆ ‘ಸ್ಥಿರವಾಗಿಲ್ಲ’ವೂ ಹೋಗುತ್ತದೆ, ನಿಮಗೆ ಬೇಕಾಗಿದ್ದದ್ದು ಎರಡನೆಯದೇ. ಅಂಕಿಗಳದ್ದೂ ಇದೇ ಕಥೆ. ಕೊಪ್ಪಳದ ಗಾಡಿಗಳೆಂದು ನೋಂದಣಿಯ 37 ಹುಡುಕಿದರೆ, 37 ಎಂಬ ಅಂಕಿ ಬರುವ ಪ್ರತಿ ತೂಕ, ಪ್ರತಿ ಸೆಕೆಂಡು ಮೇಲೆದ್ದು ಬರುತ್ತದೆ. ಇಡೀ ಸಾಲನ್ನಲ್ಲ, ಆಯಾ ಅಂಕಣವನ್ನೇ ಹೋಲಿಸಿ. ‘ಪೋರ್ಟ್’ ಎಂದು ಹುಡುಕಿದರೂ ಸಿಗದಿದ್ದರೆ, ಟೈಪ್ ಮಾಡುವಾಗ ಪದದ ಕೊನೆಗೆ ಕಣ್ಣಿಗೆ ಕಾಣದ ಶೂನ್ಯ ಅಗಲದ ಅಕ್ಷರ ಸೇರಿಕೊಂಡಿದೆಯೇ ನೋಡಿ.

ಈಗ ಆ ರಾತ್ರಿಯ ವಿಷಯ. ಮೊದಲು ದೋಷಗಳನ್ನಷ್ಟೇ ಕೇಳಿದೆ: ಮಟ್ಟ <= 3. ಮಟ್ಟಗಳಿಗೆ ನಾವು ಅನುಸರಿಸುವ ಸಿಸ್‌ಲಾಗ್ ಪದ್ಧತಿಯಲ್ಲಿ 0 ಅತಿ ಗಂಭೀರ, 7 ಅತಿ ಸಾಮಾನ್ಯ. ಸಂಖ್ಯೆ ಇಳಿದಂತೆ ಅಪಾಯ ಏರುತ್ತದೆ. (ಪೈಥಾನ್‌ನ ಲಾಗಿಂಗ್‌ನಲ್ಲಿ ಇದು ತಿರುವುಮುರುವು: ಡೀಬಗ್ 10, ಎರರ್ 40. ಎರಡೂ ಬಳಸುವವರು ಗುರುತು ಬರೆದಿಟ್ಟುಕೊಳ್ಳಿ.) ಒಂದು ಸಾಲೂ ಬರಲಿಲ್ಲ. ನಂತರ ಆ ರೈತರ ಚೀಟಿಯನ್ನಷ್ಟೇ ಕೇಳಿದೆ: ಚೀಟಿ == 2118. ಎಲ್ಲವೂ ಸರಿಯಿತ್ತು: ತೂಕ ಸ್ಥಿರ, ಚೀಟಿ ಮುದ್ರಣ, ಮುಗಿಯಿತು. ಆಮೇಲೆ ಹೊಳೆಯಿತು, ಪೋರ್ಟ್ ಸಾಲುಗಳಿಗೆ ಚೀಟಿ ಸಂಖ್ಯೆಯೇ ಇರುವುದಿಲ್ಲ. ಅವನ್ನೂ ಸೇರಿಸಿದೆ:

ಸಮಯ >= 19:10 && ಸಮಯ <= 19:20 && ಚೀಟಿ == 2118 || ವಿಭಾಗ == ಪೋರ್ಟ್

ಬೆಳಗಿನಿಂದ ಬಂದ ಪೋರ್ಟ್ ಸಾಲುಗಳೆಲ್ಲ ಪರದೆಯ ಮೇಲೆ ಸುರಿದವು. ಆಕ್‌ನಲ್ಲಿ && ಗಟ್ಟಿಯಾಗಿ ಕಟ್ಟುತ್ತದೆ, || ಸಡಿಲವಾಗಿ. ಹಾಗಾಗಿ ಸಮಯದ ಬೇಲಿ ಚೀಟಿಗೆ ಮಾತ್ರ ಬಿತ್ತು, ಪೋರ್ಟ್ ಬೇಲಿಯ ಹೊರಗೇ ಉಳಿಯಿತು. ಬೇರೆ ಕಡೆ ನಿಯಮವೇ ಬೇರೆ. ಆಜ್ಞೆಗಳನ್ನು ಟೈಪ್ ಮಾಡುವ ಶೆಲ್‌ನಲ್ಲಿ ಆಜ್ಞೆಗಳ ನಡುವೆ ಹಾಕುವ && ಮತ್ತು || ಸಮಾನ ಬಲದವು, ಎಡದಿಂದ ಬಲಕ್ಕೆ ಸಾಗುತ್ತವೆ. ಲಿನಕ್ಸ್‌ನ ಲಾಗ್ ಓದುವ ಜರ್ನಲ್‌ಸಿಟಿಎಲ್‌ನಲ್ಲಿ ಬೇರೆ ಬೇರೆ ಅಂಕಣಗಳ ನಡುವೆ ತಾನಾಗಿ ‘ಮತ್ತು’, ಒಂದೇ ಅಂಕಣದ ಎರಡು ಬೆಲೆಗಳ ನಡುವೆ ‘ಅಥವಾ’. ಇವನ್ನೆಲ್ಲ ನೆನಪಿನ ಮೇಲೆ ಬಿಡಬೇಡಿ. ‘ಅಥವಾ’ ಬಂದಲ್ಲೆಲ್ಲ ಆವರಣ ಹಾಕಿ:

ಸಮಯ >= 19:10 && ಸಮಯ <= 19:20 && (ಚೀಟಿ == 2117 || ಚೀಟಿ == 2118 || ವಿಭಾಗ == ಪೋರ್ಟ್)

ಹಿಂದಿನ ಲಾರಿಯ ಚೀಟಿಯನ್ನೂ ಸೇರಿಸಿದ್ದಕ್ಕೆ ಫಲ ಸಿಕ್ಕಿತು:

19:11:40 | 6 | ತೂಕ | 2117 | ತೂಕ ಸ್ಥಿರವಾಗಿದೆ 24360
19:14:02 | 6 | ಪೋರ್ಟ್ | - | ಸಂಪರ್ಕ ಕಡಿದಿದೆ
19:14:05 | 6 | ತೂಕ | 2118 | ತೂಕ ಸ್ಥಿರವಾಗಿದೆ 24360

ಎರಡು ಲಾರಿ, ಕಿಲೋಗೆ ಕಿಲೋ ಒಂದೇ ತೂಕ. ಸಡಿಲಗೊಂಡ ಕೇಬಲ್‌ನಿಂದ ಸಂಪರ್ಕ ಕಡಿದಾಗ ನನ್ನ ತಂತ್ರಾಂಶ ಹಿಂದಿನ ಲಾರಿಯ ತೂಕವನ್ನೇ ಹೊಸ ಚೀಟಿಗೆ ಬರೆದಿತ್ತು. ಕೇಬಲ್ ಬಿಗಿಮಾಡಿಸಿ ಲಾರಿಯನ್ನು ಮತ್ತೆ ಕಾಟಾ ಮೇಲೆ ನಿಲ್ಲಿಸಿದಾಗ 24960 ಬಂತು. ರೈತರು ಹೇಳಿದ್ದು ನಿಜವಾಗಿತ್ತು. ಅವರಲ್ಲಿ ಕ್ಷಮೆ ಕೇಳಿದೆ, ಹಳೆಯ ಚೀಟಿಯನ್ನು ರದ್ದು ಮಾಡಿಸಿದೆ.

ಆ ನಡುವಿನ ಸಾಲಿನ ಮಟ್ಟ 6, ಅಂದರೆ ಬರಿಯ ಮಾಹಿತಿ. ಜಾಗ ಉಳಿಸಲೆಂದು 6ನೇ ಮಟ್ಟವನ್ನು ಬರೆಯುವ ಹಂತದಲ್ಲೇ ಕೈಬಿಟ್ಟಿದ್ದರೆ ಆ ರೈತರ ಮಾತಿಗೆ ಸಾಕ್ಷಿಯೇ ಉಳಿಯುತ್ತಿರಲಿಲ್ಲ. ಆದ್ದರಿಂದ ಸೋಸುವುದನ್ನು ಓದುವಾಗ ಮಾಡಿ. ಬರೆಯುವಾಗ ಎಲ್ಲವನ್ನೂ ಬರೆಯಲು ಬಿಡಿ, ಹಳೆಯ ಕಡತಗಳನ್ನು ಜಿಪ್ ಮಾಡಿಡಿ. ಮರುದಿನ ‘ಸಂಪರ್ಕ ಕಡಿದಿದೆ’ ಎಂಬುದನ್ನು 3ನೇ ಮಟ್ಟಕ್ಕೆ ಏರಿಸಿದೆ, ಅದರ ನಂತರ ಕಾಟಾದ ತೂಕ ತೋರಿಸುವ ಇಂಡಿಕೇಟರ್‌ನಿಂದ ಹೊಸ ತೂಕ ಬಾರದೆ ಚೀಟಿ ಮುದ್ರಣವಾಗದಂತೆ ಮಾಡಿದೆ. ಆವರಣವಿರುವ ಆ ಷರತ್ತನ್ನು, ಚೀಟಿ ಸಂಖ್ಯೆ ಮತ್ತು ಸಮಯ ಮಾತ್ರ ತುಂಬುವಂತೆ, ಗಿರಣಿಯ ಕಂಪ್ಯೂಟರಿನಲ್ಲೇ ಉಳಿಸಿ ಬಂದಿದ್ದೇನೆ. ಈಗ ತಕರಾರು ಬಂದರೆ ಗುಮಾಸ್ತರೇ ಅದನ್ನು ಓಡಿಸಿ, ಸಾಲುಗಳನ್ನು ರೈತರ ಮುಂದೆಯೇ ಓದಿ ಹೇಳುತ್ತಾರೆ.