ಎಂಟು ಇಂಚಿನ ಕನ್ನಡಿಯಲ್ಲಿ ಎಂ51ರ ಸುರುಳಿ ತೋಳು

ಎಂಟು ಇಂಚಿನ ಕನ್ನಡಿಯ ಡಾಬ್ಸೋನಿಯನ್ ದೂರದರ್ಶಕದಲ್ಲಿ ಎಂ51 ಎಂಬ ಗೆಲಾಕ್ಸಿಯ ಸುರುಳಿ ತೋಳು ಕಾಣುವುದಿಲ್ಲ, ಅದಕ್ಕೆ ಹನ್ನೆರಡು ಇಂಚಾದರೂ ಬೇಕು ಎಂಬುದು ನಮ್ಮ ವೀಕ್ಷಕ ಬಳಗದ ಗಟ್ಟಿ ನಂಬಿಕೆಯಾಗಿತ್ತು. ನನಗೆ ಕಂಡಿತು ಎಂದು ಹೇಳಿದಾಗ, ‘ಫೋಟೊ ನೋಡಿದ ನೆನಪು ಅದು, ಕಣ್ಣು ಕಂಡದ್ದಲ್ಲ’ ಎಂದರು. ಈಗ ಅವರೇ ವಿಧಾನ ಕೇಳುತ್ತಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಹಣ ಹೋದ ದಾರಿ. ದೂರದರ್ಶಕದ ಬೆಲೆಯ ಸುಮಾರು ಕಾಲು ಭಾಗ ತೆತ್ತು ಬೆಳಕಿನ ಮಾಲಿನ್ಯ ತಡೆಯುವ ಫಿಲ್ಟರ್ ಕೊಂಡೆ. ಗೆಲಾಕ್ಸಿಗೆ ಅದು ಶುದ್ಧ ದಂಡ. ಗೆಲಾಕ್ಸಿಯದು ನಕ್ಷತ್ರಗಳ ಬೆಳಕು, ಎಲ್ಲ ಬಣ್ಣಗಳಲ್ಲೂ ಹರಡಿರುತ್ತದೆ. ಫಿಲ್ಟರ್ ಆಕಾಶದ ಜೊತೆಗೆ ಅದನ್ನೂ ನುಂಗುತ್ತದೆ. ಆಮೇಲೆ ಬಂದದ್ದು ಅಗಲ ನೋಟದ ಎರಡು ಇಂಚಿನ ಐಪೀಸ್, ಅಂದರೆ ಕಣ್ಣಿಟ್ಟು ನೋಡುವ ಮಸೂರ. ನೋಟ ಚೆಂದ, ಆದರೆ ಎಂ51 ಮಾತ್ರ ಎರಡು ಮಸುಕು ಚುಕ್ಕೆಗಳಾಗಿಯೇ ಉಳಿಯಿತು. ಎರಡಕ್ಕೂ ಸುರಿದ ಹಣ ದೂರದರ್ಶಕದ ಅರ್ಧ ಬೆಲೆಯನ್ನು ದಾಟಿತು.

ಕೆಲಸಕ್ಕೆ ಬಂದದ್ದು ದೂರದರ್ಶಕದ ಜೊತೆಗೆ ಬಂದಿದ್ದ ಹತ್ತು ಮಿಲಿಮೀಟರ್ ಐಪೀಸ್. ಮಸುಕು ವಸ್ತುವಿಗೆ ಕಡಿಮೆ ವರ್ಧನೆ ಎಂಬ ಪಾಠವನ್ನು ಬಿಟ್ಟು 48ರಿಂದ 120 ಪಟ್ಟಿಗೆ, ಗಾಳಿ ನಿಶ್ಚಲವಾಗಿದ್ದರೆ 170ರ ಹತ್ತಿರಕ್ಕೆ ಹೋದೆ. ಹಿನ್ನೆಲೆಯೂ ಗೆಲಾಕ್ಸಿಯೂ ಒಟ್ಟಿಗೆ ಕಪ್ಪಾಗುತ್ತವೆ ನಿಜ, ಆದರೆ ದೊಡ್ಡದಾದ ಮಸುಕನ್ನು ಕತ್ತಲಿಗೆ ಹೊಂದಿದ ಕಣ್ಣು ಬೇಗ ಹಿಡಿಯುತ್ತದೆ.

ತಲೆಯ ಮೇಲೆ ದಪ್ಪ ಕಪ್ಪು ಬಟ್ಟೆ, ಐಪೀಸ್ ಕೂರುವ ಫೋಕಸರ್‌ಗೆ ಎದುರಿನ ಕೊಳವೆಯ ಒಳಗೋಡೆಗೆ ಕಪ್ಪು ಮಖಮಲ್ಲು. ಕಣ್ಣು ಕತ್ತಲಿಗೆ ಹೊಂದಲು ನಲವತ್ತು ನಿಮಿಷ ಕೆಂಪು ದೀಪವೂ ಬೇಡ. ಮಸುಕು ವಸ್ತು ನೇರ ನೋಟಕ್ಕಿಂತ ಓರೆ ನೋಟಕ್ಕೆ ಚೆನ್ನಾಗಿ ಕಾಣುತ್ತದೆ. ನಾನು ಬಲಗಣ್ಣಿನಿಂದ ನೋಡುವವನು. ಗೆಲಾಕ್ಸಿ ದೃಷ್ಟಿಗೆ ಮೂಗಿನ ಕಡೆ ಬೀಳುವಂತೆ ಸ್ವಲ್ಪ ಬಲಕ್ಕೆ ನೋಟ ಇಡುತ್ತೇನೆ. ಇನ್ನೊಂದು ಬದಿಗೆ ಇಟ್ಟರೆ ಅದು ಕಣ್ಣಿಗೆ ಏನೂ ಕಾಣದ ಕುರುಡು ಚುಕ್ಕೆಗೆ ಸಿಕ್ಕಿ ಮಾಯವಾಗಬಹುದು. ಕೊಳವೆಗೆ ಬೆರಳಿನಿಂದ ಮೆಲ್ಲನೆ ತಟ್ಟಿದರೆ, ಅಲುಗಿದ ಕ್ಷಣದಲ್ಲಿ ಅಂಚುಗಳು ಎದ್ದು ಕಾಣುತ್ತವೆ.

ಮೊದಲು ಎರಡು ತಿರುಳುಗಳು, ಎಂ51ರದೂ ಅದರ ಸಂಗಾತಿ ಎನ್‌ಜಿಸಿ 5195ರದೂ. ಹತ್ತು ನಿಮಿಷದ ನಂತರ ತಿರುಳಿನ ಸುತ್ತಲಿನ ಮಸುಕಿನಲ್ಲಿ ಒಂದು ಕಡೆ ಕಪ್ಪು ಬಿರುಕು. ಅದರಾಚೆ ತೆಳುವಾದ ಬಿಲ್ಲು, ಒಂದೆರಡು ಸೆಕೆಂಡು ನಿಂತು ಕರಗುತ್ತದೆ, ಮತ್ತೆ ಅಲ್ಲೇ ಬರುತ್ತದೆ. ಆ ‘ಅಲ್ಲೇ’ ಮುಖ್ಯ: ಭ್ರಮೆಯಾಗಿದ್ದರೆ ಜಾಗ ಬದಲಿಸುತ್ತಿತ್ತು. 1845ರಲ್ಲಿ ಐರ್ಲೆಂಡ್‌ನ ಖಗೋಳ ವೀಕ್ಷಕ ಲಾರ್ಡ್ ರಾಸ್ ಇದೇ ಸುರುಳಿಯನ್ನು 72 ಇಂಚಿನ ಕನ್ನಡಿಯಲ್ಲಿ ನೋಡಿ ಬರೆದಿಟ್ಟರು. ಎಂಟು ಇಂಚಿನಲ್ಲಿ ಅದರ ಸುಳಿವನ್ನು ಹಿಡಿದದ್ದಕ್ಕೆ ನನಗೆ ಹೆಮ್ಮೆಯಿದೆ.

ಫೋಟೊ ನೆನಪು ಎಂಬ ಆಕ್ಷೇಪಕ್ಕೆ ಉತ್ತರ ಇನ್ನೊಂದು ಸುರುಳಿ ಗೆಲಾಕ್ಸಿ, ಎಂ99. ಅದರ ಚಿತ್ರವನ್ನು ಅಲ್ಲಿಯವರೆಗೆ ಬೇಕೆಂದೇ ನೋಡಿರಲಿಲ್ಲ. ಉಳಿದ ಭಾಗದಿಂದ ಬಿಡಿಸಿಕೊಂಡಂತೆ ಚಾಚಿದ ಒಂದು ತೋಳನ್ನು ಕಾಗದದ ಮೇಲೆ ಎಳೆದು, ದಿನಾಂಕ ಹಾಕಿ, ಸಂಶಯಪಟ್ಟವರ ಕೈಗೆ ಕೊಟ್ಟೆ. ದೂರದರ್ಶಕದಲ್ಲಿ ಬಿಂಬ ತಲೆಕೆಳಗಾಗಿ ಕಾಣುವುದರಿಂದ, ಅವರೇ ಕಾಗದವನ್ನು ತಲೆಕೆಳಗು ಮಾಡಿ ಚಿತ್ರದೊಡನೆ ಹೋಲಿಸಿದರು. ಆಮೇಲೆ ವಾದ ನಿಂತಿತು.

ಮೂಲೆಗೆ ಬಿದ್ದಿದ್ದ ಫಿಲ್ಟರ್‌ಗಳನ್ನು ನೋಡಿ ಇನ್ನೊಂದು ಆಟ ಹೊಳೆಯಿತು. ಎಂ33 ಗೆಲಾಕ್ಸಿಯನ್ನು ಹಿಡಿದು ಕಣ್ಣು ಮತ್ತು ಐಪೀಸ್‌ನ ನಡುವೆ, ಹೊಳೆಯುವ ಅನಿಲದ ಆಕ್ಸಿಜನ್ ಬೆಳಕನ್ನಷ್ಟೇ ಬಿಡುವ ಆಕ್ಸಿಜನ್-3 ಫಿಲ್ಟರ್ ಅನ್ನು ಆಚೀಚೆ ಸರಿಸಿದೆ. ಗೆಲಾಕ್ಸಿ ಮಂಕಾಯಿತು, ಅಂಚಿನ ಅನಿಲ ಮೋಡವಾದ ಎನ್‌ಜಿಸಿ 604 ನೀಹಾರಿಕೆ ಮಾತ್ರ ಹಾಗೇ ಉಳಿಯಿತು. ಸುಮಾರು 27 ಲಕ್ಷ ಜ್ಯೋತಿರ್ವರ್ಷ ದೂರದ ನೀಹಾರಿಕೆಯನ್ನು ಅದರ ಗೆಲಾಕ್ಸಿಯಿಂದ ಬೇರ್ಪಡಿಸಿ ನೋಡುವ ಸುಖ ಹೇಳತೀರದು.

ಎಂ101 ಗೆಲಾಕ್ಸಿಗೆ ಮಾತ್ರ 120 ಪಟ್ಟು ವರ್ಧನೆ ಹೆಚ್ಚಾಯಿತು. ಅದರ ಬೆಳಕು ತುಂಬಾ ತೆಳುವಾಗಿ ಹರಡಿದೆ. 60ರಿಂದ 80ರ ನಡುವೆ ಪ್ರಯತ್ನಿಸುತ್ತಿದ್ದೇನೆ.